ಗಿಟಾರ್ ಮಾರಬೇಡ: ಗೆಳೆಯನಿಗೊಂದು ಪತ್ರ

ಹ್ಯೂಸ್ಟನ್
ಭಾನುವಾರ ರಾತ್ರಿ

ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಆಡಿದ ಮಾತು ಇನ್ನೂ ಕಿವಿಯಲ್ಲೇ ಇದೆ. "ಇಷ್ಟು ವರ್ಷ ಹಿಂದೆ ನಿಂತು ನುಡಿಸಿದ್ದು ಸಾಕು ಕಣೋ. ಗಿಟಾರ್ ಮಾರಿಬಿಡ್ತೀನಿ" ಅಂದೆ. ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ಹಾಡಿದವರಿಗೆಲ್ಲ ಶಾಲು ಹೊದಿಸಿದರಂತೆ. ನಿನ್ನ ಹೆಸರು ಮೈಕಿನಲ್ಲಿ ಬರಲೇ ಇಲ್ಲವಂತೆ. ನಾನು "ಹೋಗಲಿ ಬಿಡು" ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ನಿದ್ದೆ ಬರಲಿಲ್ಲ. ಇಪ್ಪತ್ತು ವರ್ಷದ ಬೇಸರಕ್ಕೆ ಎರಡು ಮಾತಿನ ಸಮಾಧಾನ ಸಾಲದು.

ಅದಕ್ಕೇ ಈ ಪತ್ರ. ನಿನ್ನನ್ನು ಕೇಳಿಕೊಂಡೇ ಇದನ್ನು ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ಹಿಂದೆ ನಿಂತು ನುಡಿಸುವವನು ನೀನೊಬ್ಬನೇ ಅಲ್ಲ ಅಲ್ವಾ.

ನಿನಗೆ ಒಬ್ಬ ಗಿಟಾರ್ ವಾದಕನ ಕಥೆ ಹೇಳಬೇಕು. ಹೆಸರು ಪಾಲ್ ಸಿನೆಗಲ್. ಆದರೆ ಎಲ್ಲರೂ ಕರೆಯುತ್ತಿದ್ದದ್ದು ಲಿಲ್ ಬಕ್ ಅಂತ. ಊರು ಲೂಯಿಸಿಯಾನಾ ರಾಜ್ಯದ ಲಾಫಯೆಟ್. 1944ರ ಜನವರಿ 14ರಂದು ಹುಟ್ಟಿದ, 2019ರ ಜೂನ್ 10ರಂದು ಅದೇ ಊರಲ್ಲಿ ತೀರಿಕೊಂಡ. ನಡುವಿನ ಎಪ್ಪತ್ತೈದು ವರ್ಷದಲ್ಲಿ ಹೆಚ್ಚು ಕಾಲ ಬೇರೆಯವರ ಪಕ್ಕದಲ್ಲಿ ನಿಂತೇ ಗಿಟಾರ್ ನುಡಿಸಿದ. ಕಪ್ಪು ಅಮೆರಿಕನ್ನರ ಬ್ಲೂಸ್ ನುಡಿಸಿದ, ಸೋಲ್ ನುಡಿಸಿದ, ಆ ಸೀಮೆಯದೇ ಕುಣಿತದ ಸಂಗೀತ ಝೈಡಿಕೋ ನುಡಿಸಿದ. ಅವನ ಹೆಸರು ನೀನು ಕೇಳಿರಲಿಕ್ಕಿಲ್ಲ. ಇಲ್ಲಿಗೆ ಬರುವವರೆಗೆ ನಾನೂ ಕೇಳಿರಲಿಲ್ಲ.

ಮೊದಲು ಆ ಊರಿನ ದಾರಿ ಹೇಳುತ್ತೇನೆ. ಹ್ಯೂಸ್ಟನ್‌ನಿಂದ ಹತ್ತನೇ ನಂಬರಿನ ಹೆದ್ದಾರಿ ಹಿಡಿದು ಪೂರ್ವಕ್ಕೆ ಮೂರೂವರೆ ತಾಸು ಹೋದರೆ ಲಾಫಯೆಟ್. ಟೆಕ್ಸಸ್ ಗಡಿ ದಾಟಿ, ಲೇಕ್ ಚಾರ್ಲ್ಸ್ ದಾಟಿದ ಮೇಲೆ ಎರಡೂ ಬದಿಗೆ ಭತ್ತದ ಗದ್ದೆ ಶುರುವಾಗುತ್ತದೆ. ಹೌದು, ಭತ್ತವೇ! ಮೊದಲ ಸಲ ನೋಡಿದಾಗ ಕಾರು ನಿಲ್ಲಿಸಿ ಸುಮ್ನೆ ನೋಡುತ್ತಾ ನಿಂತಿದ್ದೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ನೀರು ಕಟ್ಟಿ, ಸೀಗಡಿಯ ಹಾಗೆ ಕಾಣುವ ಕ್ರಾಫಿಶ್ ಸಾಕುತ್ತಾರೆ. ಆ ಬಯಲಿನ ನಡುವೆ ಕ್ರೌಲಿ ಎಂಬ ಊರಿದೆ. ಅಲ್ಲಿ ಜೆ. ಡಿ. ಮಿಲ್ಲರ್ ಎಂಬವನ ಸ್ಟುಡಿಯೋ ಇತ್ತು. ಸ್ಲಿಮ್ ಹಾರ್ಪೋ, ಲೈಟ್ನಿನ್ ಸ್ಲಿಮ್, ಲೋನ್ಸಮ್ ಸನ್‌ಡೌನ್, ಈ ಬ್ಲೂಸ್ ಹಾಡುಗಾರರೆಲ್ಲ ಅಲ್ಲೇ ಹಾಡಿದ್ದು. ನ್ಯಾಶ್‌ವಿಲ್ಲಿನ ಎಕ್ಸೆಲ್ಲೋ ಕಂಪನಿ ಆ ಹಾಡುಗಳನ್ನು ಹೊರತರುತ್ತಿತ್ತು. ಆ ಬ್ಲೂಸ್‌ಗೆ ಅವಸರ ಇಲ್ಲ. ಸೆಖೆಯ ಮಧ್ಯಾಹ್ನ ಜಗಲಿಯ ಮೇಲೆ ಕೂತು ಮಾತಾಡಿದ ಹಾಗಿರುತ್ತದೆ. ಲಿಲ್ ಬಕ್ ಬೆಳೆದದ್ದು ಆ ದನಿಯ ಪಕ್ಕದಲ್ಲೇ.

ಇನ್ನೊಂದು ವಿಷಯ ನಿನಗೆ ತಟ್ಟುತ್ತದೆ ಅಂತ ಗೊತ್ತು. ಆ ಕಡೆಯ ಕಪ್ಪು ಜನರ ಮನೆಮಾತು ಇಂಗ್ಲಿಷ್ ಆಗಿರಲಿಲ್ಲ. ಅವರದು ಒಂದು ಬಗೆಯ ಫ್ರೆಂಚ್. ಕ್ರಿಯೋಲ್ ಅಂತಾರೆ. 1921ರಲ್ಲಿ ರಾಜ್ಯದ ಸಂವಿಧಾನವೇ ಶಾಲೆಯಲ್ಲಿ ಇಂಗ್ಲಿಷ್ ಮಾತ್ರ ಅಂದುಬಿಟ್ಟಿತು. ಶಾಲೆಯ ಅಂಗಳದಲ್ಲಿ ಮಕ್ಕಳು ಮನೆಮಾತು ಆಡಿದರೆ ಶಿಕ್ಷೆ. ಒಂದೆರಡು ತಲೆಮಾರು ಹೀಗೇ ನಡೆಯಿತು. ಭಾಷೆ ಅಡುಗೆಮನೆಗೆ ಸರಿಯಿತು, ಅಜ್ಜ ಅಜ್ಜಿಯರ ಬಾಯಿಗೆ ಸರಿಯಿತು. ಮತ್ತೆ ಎಲ್ಲಿ ಉಳಿಯಿತು ಗೊತ್ತಾ? ಹಾಡಿನಲ್ಲಿ. ಶನಿವಾರ ರಾತ್ರಿಯ ಕುಣಿತದಲ್ಲಿ.

ಆ ಕುಣಿತಕ್ಕೆ ಹಿಂದೆ ಲಾಲಾ ಅನ್ನುತ್ತಿದ್ದರು. ಒಬ್ಬರ ಮನೆಯ ಮುಂದಿನ ಕೋಣೆಯ ಸಾಮಾನೆಲ್ಲ ಹೊರಗಿಟ್ಟು ಜಾಗ ಮಾಡಿಕೊಂಡು ಕುಣಿಯುವುದು. ವಾದ್ಯವೇ ಇಲ್ಲದೆ, ಬರೀ ಚಪ್ಪಾಳೆ ತಟ್ಟಿ, ಕಾಲು ಕುಟ್ಟಿ ಹಾಡುವ ಜ್ಯುರೇ ಅಂತ ಇನ್ನೊಂದು ಇತ್ತು. ಇವುಗಳ ಮೇಲೆ ಬ್ಲೂಸ್ ಬಂದು ಕೂತಾಗ ಝೈಡಿಕೋ ಹುಟ್ಟಿತು. ಆ ಹೆಸರು ಬಂದದ್ದು ಫ್ರೆಂಚಿನ ಒಂದು ಮಾತಿನಿಂದ, "ಲೇ ಝಾರಿಕೋ ಸೋಂ ಪಾ ಸಾಲೇ" ಎಂಬುದರಿಂದ ಅಂತ ಹೇಳುತ್ತಾರೆ. ಅಂದರೆ, ಹುರುಳಿಕಾಯಿಗೆ ಉಪ್ಪಿಲ್ಲ. ಬೇಯಿಸುವಾಗ ಜೊತೆಗೆ ಹಾಕುವ ಉಪ್ಪು ಹಚ್ಚಿದ ಮಾಂಸಕ್ಕೂ ಕಾಸಿಲ್ಲ ಅನ್ನುವ ಬಡತನದ ಮಾತು. ಅದೇ ಮಾತು ಕುಣಿತದ ಹೆಸರಾಯಿತು. ನನಗೆ ಇದು ತುಂಬಾ ಇಷ್ಟ.

ಈ ಸಂಗೀತಕ್ಕೆ ಒಬ್ಬ ರಾಜ ಇದ್ದ. ಕ್ಲಿಫ್ಟನ್ ಶೆನಿಯೇ. 1925ರಲ್ಲಿ ಓಪಲೂಸಸ್ ಊರಿನ ಹತ್ತಿರ ಹುಟ್ಟಿದವನು. ಪೋರ್ಟ್ ಆರ್ಥರ್‌ನ ಎಣ್ಣೆ ಶುದ್ಧೀಕರಣ ಘಟಕಗಳಲ್ಲಿ ದುಡಿದವನು. ತಲೆಗೆ ಕಿರೀಟ, ಬಾಯಲ್ಲಿ ಚಿನ್ನದ ಹಲ್ಲು, ಎದೆಯ ಮೇಲೆ ದೊಡ್ಡ ಪಿಯಾನೋ ಅಕಾರ್ಡಿಯನ್. ಅವನ ಅಣ್ಣ ಕ್ಲೀವ್‌ಲ್ಯಾಂಡ್ ಹೆಗಲಿನಿಂದ ಇಳಿಬಿಟ್ಟ ತಗಡಿನ ಅಂಗಿ ತೊಟ್ಟು, ಬೆರಳುಗಳ ನಡುವೆ ಬಾಟಲಿ ಓಪನರ್ ಹಿಡಿದು, ಅದರ ಮೇಲೆ ತಾಳ ಕೆರೆಯುತ್ತಿದ್ದ. ಅದನ್ನು ಫ್ರೊಟ್ವಾರ್ ಅನ್ನುತ್ತಾರೆ. ಮೊದಲು ಬಟ್ಟೆ ಉಜ್ಜುವ ಹಲಗೆಯನ್ನೇ ಬಳಸುತ್ತಿದ್ದರು. ಹೆಗಲಿಗೆ ಹಾಕಿಕೊಳ್ಳುವ ಹಾಗೆ ಅದಕ್ಕೆ ರೂಪ ಕೊಟ್ಟವನು ಕ್ಲಿಫ್ಟನ್. ಪೋರ್ಟ್ ಆರ್ಥರ್‌ನಲ್ಲಿ ವಿಲಿ ಲ್ಯಾಂಡ್ರಿ ಎಂಬ ತಗಡು ಕೆಲಸದವನಿಗೆ ನೆಲದ ಮೇಲೆ ಚಿತ್ರ ಬರೆದು ತೋರಿಸಿ ಮಾಡಿಸಿದನಂತೆ.

ಲಿಲ್ ಬಕ್ ನಿಂತದ್ದು ಈ ರಾಜನ ಪಕ್ಕದಲ್ಲಿ.

ಆದರೆ ಅಲ್ಲಿಗೆ ಹೋಗುವ ಮುಂಚೆಯೇ ಅವನಿಗೆ ತನ್ನದೇ ತಂಡ ಇತ್ತು. ಲಿಲ್ ಬಕ್ ಅಂಡ್ ದಿ ಟಾಪ್ ಕ್ಯಾಟ್ಸ್. 1960ರ ದಶಕದ ಲಾಫಯೆಟ್‌ನಲ್ಲಿ ಹುಡುಗರು ಕುಣಿಯಬೇಕು ಅಂದರೆ ಅವರ ತಂಡ ಬೇಕು. ಸ್ಯಾಕ್ಸೊಫೋನ್, ಆರ್ಗನ್, ಡ್ರಮ್ಸ್ ಎಲ್ಲ ಇದ್ದ ಸೋಲ್ ಬ್ಯಾಂಡ್. ಊರಿನದೇ ಕಂಪನಿ ಲಾ ಲೂಯಿಸಿಯಾನ್‌ಗೆ "ಕ್ಯಾಟ್ ಸ್ಕ್ರೀಮ್", "ಮಂಕಿ ಇನ್ ಎ ಸ್ಯಾಕ್" ಅಂತ ಹಾಡು ರೆಕಾರ್ಡ್ ಮಾಡಿದರು. ಆ ತಂಡದಲ್ಲಿ ಆರ್ಗನ್ ನುಡಿಸುತ್ತಿದ್ದ ಒಬ್ಬ ಹುಡುಗನ ಹೆಸರು ನೆನಪಿಟ್ಟುಕೋ: ಸ್ಟ್ಯಾನ್ಲಿ ಡ್ಯುರಾಲ್. ಮುಂದೆ ಬರುತ್ತಾನೆ.

ಅರವತ್ತರ ದಶಕದ ಕೊನೆಯ ಹೊತ್ತಿಗೆ ಲಿಲ್ ಬಕ್ ಶೆನಿಯೇ ತಂಡ ಸೇರಿದ. ಹತ್ತು ವರ್ಷಕ್ಕೂ ಜಾಸ್ತಿ ಅಲ್ಲೇ ಇದ್ದ. ನೀನು ಗಿಟಾರ್ ಹಿಡಿದವನು, ನಿನಗೆ ಇದರ ಕಷ್ಟ ಬೇಗ ಅರ್ಥವಾಗುತ್ತದೆ. ಅಕಾರ್ಡಿಯನ್ ಅಂದರೆ ನಮ್ಮ ಹಾರ್ಮೋನಿಯಂನ ಜಾತಿಯೇ. ತಿದಿ, ಗಾಳಿ, ರೀಡು. ಒಮ್ಮೆ ಒತ್ತಿದರೆ ಸ್ವರ ನಿಲ್ಲುವುದಿಲ್ಲ, ಇಡೀ ಜಾಗ ತುಂಬಿಕೊಳ್ಳುತ್ತದೆ. ಬಲಗೈಯಲ್ಲಿ ರಾಗ, ಎಡಗೈಯಲ್ಲಿ ತಗ್ಗಿನ ಬಾಸ್ ಸ್ವರ ಮತ್ತು ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು. ಒಬ್ಬನೇ ಒಂದು ಬ್ಯಾಂಡ್. ಜೊತೆಗೆ ತಗಡಿನ ಕೆರೆತ ಒಂದು ಕ್ಷಣವೂ ಬಿಡುವುದಿಲ್ಲ. ಡ್ರಮ್ಸ್ ಇದೆ, ಬಾಸ್ ಇದೆ, ಸ್ಯಾಕ್ಸೊಫೋನ್ ಇದೆ. ಇಷ್ಟರ ನಡುವೆ ಗಿಟಾರಿಗೆ ಜಾಗ ಎಲ್ಲಿ?

ಅವನ ರೆಕಾರ್ಡಿಂಗ್‌ಗಳನ್ನು ನಾನು ಹೆಡ್‌ಫೋನ್ ಹಾಕಿಕೊಂಡು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ವೇಗದ ಕುಣಿತದ ಹಾಡಿನಲ್ಲಿ ಅವನ ಕೈ ಕಾರ್ಡನ್ನು ಹೊಡೆದು ತಕ್ಷಣ ಅಮುಕಿಬಿಡುತ್ತದೆ. ಟಕ್. ಟಕ್. ಸ್ವರ ನಿಲ್ಲಲು ಬಿಡುವುದಿಲ್ಲ. ಅಕಾರ್ಡಿಯನ್ ಎಳೆಯುತ್ತಿದ್ದರೆ ಇವನು ಕತ್ತರಿಸುತ್ತಾನೆ. ಒಂದು ಉದ್ದ, ಒಂದು ಗಿಡ್ಡ. ಹೀಗಾಗಿ ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲ. ಅವನಿಲ್ಲದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಗೊತ್ತಾಗುತ್ತದೆ. ಅಕಾರ್ಡಿಯನ್ ಅಷ್ಟೇ ಜೋರಾಗಿ ಇರುತ್ತಿತ್ತು, ಆದರೆ ಕಾಲು ಎತ್ತಬೇಕು ಅಂತ ಅನ್ನಿಸುತ್ತಿರಲಿಲ್ಲ.

ನಿಧಾನದ ಬ್ಲೂಸ್ ಬಂದಾಗ ಆಟವೇ ಬೇರೆ. ನಿನಗೆ ಗೊತ್ತಲ್ಲ, ಹನ್ನೆರಡು ಬಾರ್‌ಗಳ, ಅಂದರೆ ತಾಳದ ಹನ್ನೆರಡು ಆವರ್ತಗಳ ಲೆಕ್ಕ. ನಾಲ್ಕು, ನಾಲ್ಕು, ನಾಲ್ಕು. ಮೊದಲ ಸಾಲು ಹಾಡುತ್ತಾರೆ. ಅದೇ ಸಾಲು ಇನ್ನೊಮ್ಮೆ. ಮೂರನೇ ಸಾಲಿನಲ್ಲಿ ಅದಕ್ಕೆ ಉತ್ತರ. ಆದರೆ ಪ್ರತಿ ನಾಲ್ಕು ಬಾರ್‌ನಲ್ಲಿ ಹಾಡುಗಾರ ಅರ್ಧ ಮಾತ್ರ ತೆಗೆದುಕೊಳ್ಳುತ್ತಾನೆ. ಉಳಿದ ಅರ್ಧ ಖಾಲಿ. ಆ ಖಾಲಿಯಲ್ಲಿ ಗಿಟಾರ್ ಮಾತಾಡಬೇಕು. ಶೆನಿಯೇ ಫ್ರೆಂಚಿನಲ್ಲಿ ಒಂದು ಸಾಲು ಹಾಡಿ ನಿಲ್ಲಿಸುತ್ತಾನೆ. ಲಿಲ್ ಬಕ್ ನಾಲ್ಕೇ ಸ್ವರದಲ್ಲಿ "ಹೂಂ, ಆಮೇಲೆ?" ಅಂದ ಹಾಗೆ ನುಡಿಸುತ್ತಾನೆ. ಭಾಷೆ ನನಗೆ ಬರುವುದಿಲ್ಲ, ಆದರೆ ಗಿಟಾರ್ ಕೇಳಿದರೆ ಅವನೇನು ಹಾಡಿದ ಅಂತ ಅರ್ಧ ತಿಳಿಯುತ್ತದೆ. ಹಾಡುಗಾರನ ಮಾತು ಮುಗಿಯುವ ತನಕ ಬಾಯಿ ಹಾಕುವುದಿಲ್ಲ. ಮುಗಿದ ಮೇಲೆ ಒಂದು ಕ್ಷಣವೂ ತಡ ಮಾಡುವುದಿಲ್ಲ. ನೀನು ಹಳೆಯ ಹಾಡುಗಳಿಗೆ ನುಡಿಸುವಾಗ ಇದನ್ನೇ ಮಾಡುತ್ತೀಯಾ ಮಾರಾಯ! ಪಲ್ಲವಿ ಮುಗಿದು ಚರಣ ಶುರುವಾಗುವ ನಡುವೆ ನೀನು ಹಾಕುವ ಆ ಸಣ್ಣ ತುಣುಕು ಇಲ್ಲದಿದ್ದರೆ ಹಾಡಿದವರಿಗೆ ಚರಣ ಎತ್ತಿಕೊಳ್ಳಲು ಹಿಡಿಯೇ ಇರುವುದಿಲ್ಲ.

ಈ ತಂಡ ಏನೂ ಸಣ್ಣದಲ್ಲ. ರೆಡ್ ಹಾಟ್ ಲೂಯಿಸಿಯಾನಾ ಬ್ಯಾಂಡ್ ಅಂತ ಅದರ ಹೆಸರು. ಕಣ್ಣು ಕಾಣದ ಜಾನ್ ಹಾರ್ಟ್ ಸ್ಯಾಕ್ಸೊಫೋನಿನಲ್ಲಿ, ರಾಬರ್ಟ್ ಸೇಂಟ್ ಜೂಲಿಯನ್ ಡ್ರಮ್ಸ್‌ನಲ್ಲಿ, ಕ್ಲೀವ್‌ಲ್ಯಾಂಡ್ ತಗಡಿನಲ್ಲಿ. ಇಲ್ಲಿ ಹ್ಯೂಸ್ಟನ್‌ನಿಂದ ಕ್ಯಾಲಿಫೋರ್ನಿಯಾದವರೆಗೆ, ಕ್ರಿಯೋಲ್ ಜನ ಕೆಲಸ ಹುಡುಕಿಕೊಂಡು ಹೋದ ಊರುಗಳ ಚರ್ಚ್ ಹಾಲ್‌ಗಳಲ್ಲೆಲ್ಲ ಶೆನಿಯೇ ನುಡಿಸುತ್ತಿದ್ದ. ನಾಲ್ಕು ತಾಸು ಬಿಡುವಿಲ್ಲದೆ. ನೀನು ಬೆಳಗಿನ ಜಾವದ ತನಕ ನುಡಿಸಿ ಬೆರಳು ಊದಿಸಿಕೊಂಡು ಫೋಟೋ ಕಳಿಸಿದ್ದೆಯಲ್ಲ, ಅದು ನೆನಪಾಗುತ್ತದೆ. 1975ರಲ್ಲಿ ಅವರು ಸ್ವಿಟ್ಜರ್ಲೆಂಡಿನ ಮಾಂತ್ರೋ ಉತ್ಸವಕ್ಕೆ ಹೋದರು. ಅದೇ ವರ್ಷ ಬೊಗಲೂಸಾ ಎಂಬ ಊರಿನ ಸ್ಟುಡಿಯೋದಲ್ಲಿ ಆರ್‌ಹೂಲಿ ಕಂಪನಿಯ ಕ್ರಿಸ್ ಸ್ಟ್ರಾಕ್‌ವಿಟ್ಸ್‌ಗಾಗಿ "ಬೊಗಲೂಸಾ ಬೂಗಿ" ರೆಕಾರ್ಡ್ ಮಾಡಿದರು. ಝೈಡಿಕೋದಲ್ಲಿ ಒಂದೇ ಆಲ್ಬಮ್ ಇಟ್ಟುಕೋ ಅಂದರೆ ನಾನು ಅದನ್ನೇ ಇಟ್ಟುಕೊಳ್ಳುತ್ತೇನೆ. ಅದರ ಗಿಟಾರ್ ಲಿಲ್ ಬಕ್‌ನದು.

ಆ ಕಾಲದ ರೆಕಾರ್ಡುಗಳ ಕವರ್ ನೋಡಿದರೆ ಒಂದು ಕಡೆ ಅವನ ಹೆಸರು ಸೆನೆಗಲ್, ಇನ್ನೊಂದು ಕಡೆ ಸಿನೆಗಲ್. ಇಷ್ಟು ವರ್ಷ ನುಡಿಸಿದವನ ಹೆಸರನ್ನು ಒಂದೇ ಥರ ಅಚ್ಚು ಹಾಕಲಿಲ್ಲ ನೋಡು. ಮೈಕಿನಲ್ಲಿ ಹೆಸರು ಬರಲಿಲ್ಲ ಅಂತ ನೀನು ಅಂದಾಗ ನನಗೆ ಮೊದಲು ನೆನಪಾದದ್ದು ಇದೇ. ನಿನ್ನ ನೋವು ಸುಳ್ಳಲ್ಲ. ಹೆಸರು ಹೇಳಬೇಕಿತ್ತು. ಹೇಳದೇ ಇದ್ದದ್ದು ಅವರ ತಪ್ಪು. ಅದನ್ನು "ಹೋಗಲಿ ಬಿಡು" ಅಂದದ್ದು ನನ್ನ ತಪ್ಪು.

ಈಗ ಆ ಆರ್ಗನ್ ಹುಡುಗ. ಸ್ಟ್ಯಾನ್ಲಿ ಡ್ಯುರಾಲ್‌ಗೆ ಅಕಾರ್ಡಿಯನ್ ಕಂಡರೆ ಆಗುತ್ತಿರಲಿಲ್ಲ. ಅವನ ಅಪ್ಪ ಮನೆಯಲ್ಲಿ ಅದನ್ನೇ ನುಡಿಸುತ್ತಿದ್ದ, ಮಗನಿಗೆ ಅದು ಹಳೇ ಕಾಲದ್ದು ಅನ್ನಿಸುತ್ತಿತ್ತು. ಆಮೇಲೆ ಎಪ್ಪತ್ತರ ದಶಕದ ನಡುವೆ ಅವನೂ ಶೆನಿಯೇ ತಂಡಕ್ಕೆ ಬಂದು ಆರ್ಗನ್ ಹಿಡಿದ. ಮೊದಲ ರಾತ್ರಿ ನಾಲ್ಕು ತಾಸು ನುಡಿಸಿದ್ದು ಈಗಷ್ಟೇ ಶುರುವಾದ ಹಾಗಿತ್ತು ಅಂತ ಅವನೇ ಹೇಳಿಕೊಂಡಿದ್ದಾನೆ. 1979ರಲ್ಲಿ ತನ್ನದೇ ತಂಡ ಕಟ್ಟಿದ, ತಾನೇ ಅಕಾರ್ಡಿಯನ್ ತೊಟ್ಟ. ಬಕ್‌ವೀಟ್ ಝೈಡಿಕೋ ಎಂಬ ಹೆಸರಿನಲ್ಲಿ ಜಗತ್ತೆಲ್ಲ ಸುತ್ತಿದ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಮುಕ್ತಾಯ ಸಮಾರಂಭದಲ್ಲಿ ನುಡಿಸಿದ. ಒಂದು ಕಾಲಕ್ಕೆ ತನ್ನ ತಂಡದಲ್ಲಿದ್ದ ಹುಡುಗನ ತಂಡದಲ್ಲಿ ಲಿಲ್ ಬಕ್ ಕೂಡ ಗಿಟಾರ್ ನುಡಿಸಿದ. ಮೊದಲು ನಾನು ಯಜಮಾನ, ಈಗ ಅವನು ಯಜಮಾನ ಅಂತ ಲೆಕ್ಕ ಇಟ್ಟುಕೊಂಡಿದ್ದರೆ ಆಗುತ್ತಿತ್ತಾ? ಎಷ್ಟು ದೊಡ್ಡ ಮನಸ್ಸು ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ. ರಾಕಿನ್ ಡಾಪ್ಸಿ ಎಂಬ ಇನ್ನೊಬ್ಬ ಅಕಾರ್ಡಿಯನ್ ವಾದಕನ ಜೊತೆಗೂ ನುಡಿಸಿದ.

ಎಂಬತ್ತರ ದಶಕದಲ್ಲಿ ಶೆನಿಯೇಗೆ ಸಕ್ಕರೆ ಕಾಯಿಲೆ ಜಾಸ್ತಿಯಾಯಿತು, ಕಿಡ್ನಿ ಕೈಕೊಟ್ಟಿತು. ಡಯಾಲಿಸಿಸ್ ಮಾಡಿಸಿಕೊಂಡು ಬಂದು ನುಡಿಸುತ್ತಿದ್ದ. 1984ರಲ್ಲಿ ಗ್ರ್ಯಾಮಿ ಬಂತು. 1987ರ ಡಿಸೆಂಬರ್ 12ರಂದು ಹೋಗಿಬಿಟ್ಟ. ಆ ಕೊನೆಯ ವರ್ಷಗಳಲ್ಲಿ ಅವನ ಪಕ್ಕ ಗಿಟಾರ್ ಹಿಡಿದವನು ಶೆರ್ಮನ್ ರಾಬರ್ಟ್‌ಸನ್, ಇದೇ ಹ್ಯೂಸ್ಟನ್‌ನಲ್ಲಿ ಬೆಳೆದವನು. ಇಲ್ಲಿಯ ಫಿಫ್ತ್ ವಾರ್ಡ್‌ನಲ್ಲಿ ಫ್ರೆಂಚ್‌ಟೌನ್ ಅಂತ ಕ್ರಿಯೋಲ್ ಜನರ ಕೇರಿಯೇ ಇತ್ತು. ಅಮೆರಿಕದ ಹಾಡುಗಾರ ಪಾಲ್ ಸೈಮನ್‌ನ "ಗ್ರೇಸ್‌ಲ್ಯಾಂಡ್" ಆಲ್ಬಮ್ ನಾವು ಹಾಸ್ಟೆಲ್‌ನಲ್ಲಿ ಕ್ಯಾಸೆಟ್ ಸವೆಯುವ ತನಕ ಕೇಳಿದ್ದೆವಲ್ಲ? ಅದರಲ್ಲಿ ಅಕಾರ್ಡಿಯನ್ ಇರುವ ಆ ಕುಣಿತದ ಹಾಡಿನಲ್ಲಿ ಡಾಪ್ಸಿಯ ತಂಡದ ಜೊತೆ ಗಿಟಾರ್ ನುಡಿಸಿದ್ದು ಈ ಶೆರ್ಮನ್. ಅಂದರೆ ಝೈಡಿಕೋ ಗಿಟಾರನ್ನು ನಾವು ಆಗಲೇ ಕೇಳಿದ್ದೆವು. ನುಡಿಸಿದವನು ಯಾರು ಅಂತ ನೀನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಇದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಲಿಲ್ ಬಕ್‌ನ ಕಥೆಯಲ್ಲಿ ನನಗೆ ತೀರಾ ಇಷ್ಟವಾದ ಭಾಗ 1999ರದು. ನ್ಯೂ ಓರ್ಲಿಯನ್ಸ್‌ನ ಅಲೆನ್ ಟೂಸಾಂಟ್ ಗೊತ್ತಲ್ಲ, ಪಿಯಾನೋ ವಾದಕ, ಎಷ್ಟೋ ಜನರ ಹಾಡುಗಳ ಹಿಂದೆ ಇದ್ದ ನಿರ್ಮಾಪಕ. ಅವನ ಕಂಪನಿಯಿಂದ ಲಿಲ್ ಬಕ್‌ನ ಆಲ್ಬಮ್ ಬಂತು, ಟೂಸಾಂಟ್ ತಾನೇ ಮುಂದೆ ನಿಂತು ಮಾಡಿಸಿದ. ಹೆಸರು "ದಿ ಬಕ್ ಸ್ಟಾರ್ಟ್ಸ್ ಹಿಯರ್". ಸ್ವಂತ ಹೆಸರಿನಲ್ಲಿ ಮೊದಲ ಆಲ್ಬಮ್. ಆಗ ಅವನಿಗೆ ಐವತ್ತೈದು ವರ್ಷ. ಅದನ್ನು ಹಾಕಿದರೆ ಮೊದಲು ಗಮನಕ್ಕೆ ಬರುವುದು ಏನು ಗೊತ್ತಾ? ತನ್ನದೇ ಆಲ್ಬಮ್ ಅಂತ ಅವನು ಸ್ವರಗಳನ್ನು ಸುರಿಯುವುದಿಲ್ಲ. ಅದೇ ನಿಧಾನ, ಅದೇ ಜಾಗ ಬಿಡುವ ಅಭ್ಯಾಸ. ಜೊತೆಯಲ್ಲಿ ನುಡಿಸುವವರಿಗೆ ದಾರಿ ಕೊಡುತ್ತಾನೆ. ಹಾಡುತ್ತಾನೆ, ನಿಲ್ಲಿಸುತ್ತಾನೆ, ಆಮೇಲೆ ತನ್ನ ದನಿಗೆ ತಾನೇ ಗಿಟಾರಿನಲ್ಲಿ ಓಗೊಡುತ್ತಾನೆ. ಮೂವತ್ತು ವರ್ಷ ಬೇರೆಯವರ ಹಾಡಿಗೆ ಓಗೊಟ್ಟ ಕೈ ಅದು. ಐವತ್ತೈದಕ್ಕೆ ಬಂದದ್ದಕ್ಕೇ ಆ ಆಲ್ಬಮ್‌ಗೆ ಆ ತೂಕ ಇದೆ ಅಂತ ನನ್ನ ಲೆಕ್ಕ. ಇಪ್ಪತ್ತೈದಕ್ಕೆ ಮಾಡಿದ್ದರೆ ಬೇರೆಯೇ ಆಗಿರುತ್ತಿತ್ತು.

ಕೊನೆಯ ವರ್ಷಗಳಲ್ಲಿ ಪಾಂಡೆರೋಸಾ ಸ್ಟಾಂಪ್ ಅಂತ ನ್ಯೂ ಓರ್ಲಿಯನ್ಸ್‌ನಲ್ಲಿ ಶುರುವಾದ ಒಂದು ಉತ್ಸವ ಇವನಂಥವರನ್ನು ಹುಡುಕಿ ಹುಡುಕಿ ವೇದಿಕೆಗೆ ಕರೆಯಿತು. ಜನ ಮರೆತ ಹಾಡುಗಾರರು, ಹೆಸರೇ ಗೊತ್ತಿಲ್ಲದ ವಾದಕರು. ಅಲ್ಲಿ ಲಿಲ್ ಬಕ್ ಮತ್ತು ಟಾಪ್ ಕ್ಯಾಟ್ಸ್ ಮತ್ತೆ ನುಡಿಸಿದರು. ಆರ್ಗನ್‌ನಲ್ಲಿ ಅದೇ ಸ್ಟ್ಯಾನ್ಲಿ ಡ್ಯುರಾಲ್. ಒಲಿಂಪಿಕ್ಸ್‌ವರೆಗೆ ಹೋಗಿ ಬಂದವನು ಅಕಾರ್ಡಿಯನ್ ಪಕ್ಕಕ್ಕಿಟ್ಟು, ಹದಿಹರೆಯದಲ್ಲಿ ಕೂತಿದ್ದ ಜಾಗದಲ್ಲೇ ಹೋಗಿ ಕೂತ. ಬೇರೆ ಹಾಡುಗಾರರು ಬಂದಾಗ ಅವರಿಗೂ ಇದೇ ತಂಡ ಹಿನ್ನೆಲೆ ನುಡಿಸಿತು. ಡ್ಯುರಾಲ್ 2016ರಲ್ಲಿ ತೀರಿಕೊಂಡ.

2019ರ ಜೂನ್ ಲೂಯಿಸಿಯಾನಾಗೆ ಕೆಟ್ಟ ತಿಂಗಳು. ಆರನೇ ತಾರೀಕು ನ್ಯೂ ಓರ್ಲಿಯನ್ಸ್‌ನ ಹೆಸರಾಂತ ಹಾಡುಗಾರ, ಪಿಯಾನೋ ವಾದಕ ಡಾಕ್ಟರ್ ಜಾನ್ ಹೋದ. ಇಪ್ಪತ್ತಮೂರಕ್ಕೆ ಅದೇ ಊರಿನ ಸಂಗೀತದ ಹಿರಿಯ, ನೂರು ವರ್ಷದ ಡೇವ್ ಬಾರ್ಥಲೊಮ್ಯೂ ಹೋದರು. ಪತ್ರಿಕೆಗಳ ತುಂಬ ಅವರ ಸುದ್ದಿ. ಇಬ್ಬರ ನಡುವೆ, ಹತ್ತನೇ ತಾರೀಕು, ಲಿಲ್ ಬಕ್. ಸಾವಿನಲ್ಲೂ ಇಬ್ಬರು ದೊಡ್ಡವರ ನಡುವೆ ಸದ್ದಿಲ್ಲದೆ ನಿಂತ ಅಂತ ಅನ್ನಿಸಿ ಆವತ್ತು ಕಣ್ಣು ತುಂಬಿತ್ತು.

ಗೆಳೆಯಾ, ನಾನು ನಿನಗೆ ಬುದ್ಧಿ ಹೇಳುವಷ್ಟು ದೊಡ್ಡವನಲ್ಲ. ಮನೆ ಸಾಲ ಇದೆ, ಮಗಳ ಫೀಸ್ ಇದೆ, ಗೊತ್ತು. ದುಡ್ಡಿಗಾಗಿ ಗಿಟಾರ್ ಮಾರುತ್ತೀಯಾದರೆ ಮೊದಲು ನನಗೆ ಹೇಳು, ಅದಕ್ಕೆ ಏನಾದರೂ ದಾರಿ ಮಾಡೋಣ. ಬೇಸರಕ್ಕಾಗಿ ಮಾರುತ್ತೀಯಾದರೆ ಒಂದೇ ಒಂದು ಕೆಲಸ ಮಾಡು. "ಬೊಗಲೂಸಾ ಬೂಗಿ" ಆಲ್ಬಮ್‌ನಲ್ಲಿ "ಒನ್ ಸ್ಟೆಪ್ ಅಟ್ ಎ ಟೈಮ್" ಅಂತ ಇದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಮೂರು ಸಲ ಕೇಳು. ಒಂದು ಸಲ ಹಾಡಿಗೆ, ಒಂದು ಸಲ ಅಕಾರ್ಡಿಯನ್‌ಗೆ, ಮೂರನೇ ಸಲ ಗಿಟಾರ್ ಒಂದಕ್ಕೇ. ಆಮೇಲೆ ನಿನ್ನ ಗಿಟಾರ್ ತೆಗೆದು ಅದರ ಜೊತೆ ಸುಮ್ನೆ ನುಡಿಸಿ ನೋಡು. ಎಲ್ಲಿ ಬಾಯಿ ಹಾಕಬಾರದು ಅನ್ನುವುದು ನಿನಗೆ ನನಗಿಂತ ಚೆನ್ನಾಗಿ ಗೊತ್ತಾಗುತ್ತದೆ.

ನುಡಿಸಿದ್ದನ್ನು ಫೋನಿನಲ್ಲೇ ರೆಕಾರ್ಡ್ ಮಾಡಿ ಕಳಿಸು. ಡಿಸೆಂಬರ್‌ನಲ್ಲಿ ಊರಿಗೆ ಬರುತ್ತಿದ್ದೇನೆ. ನಿನಗೆ ಗಿಟಾರ್ ತಂತಿಯ ಎರಡು ಸೆಟ್ ತೆಗೆದಿಟ್ಟಿದ್ದೇನೆ. ಈಗಲೂ ಹತ್ತನೇ ಗೇಜ್ ತಾನೇ ಹಾಕುವುದು? ಬದಲಾಗಿದ್ದರೆ ತಿಳಿಸು. ಅತ್ತಿಗೆಗೆ ನಮಸ್ಕಾರ, ಮಗಳಿಗೆ ಪ್ರೀತಿ.

ನಿನ್ನ,
ಹಾಸ್ಟೆಲ್ ರೂಮ್‌ಮೇಟ್